ಸಪ್ಪಳ ಇರಲಿ

"ನೋಡ್ರಿ, ನಮ್ಮವ್ವ ನಿಮಗ ಫೋನ್ ಮಾಡಿ ಏನ್ ಹೇಳ್ಯಾಳ ನನಗ ಗೊತ್ತೈತಿ. ಖುರ್ಚಿ ಕಿರ್ರ್ ಅನ್ನಬಾರದು ಅಂದಿರತಾಳ. ಅದನ್ನ ನೀವು ಕಿವ್ಯಾಗ ಹಾಕ್ಕೋಬ್ಯಾಡ್ರಿ. ಬೆತ್ತ ಹೊಸಾದು ಹಾಕ್ರಿ, ಪಾಲಿಶ್ ಹೊಡೀರಿ, ಬೇಕಾದ್ದು ಮಾಡ್ರಿ. ಸಪ್ಪಳ ಮಾತ್ರ ಹೆಂಗೈತಿ ಹಂಗ ಇರ್ಲಿ."

ಹುಬ್ಬಳ್ಳಿಯ ಕಮರಿಪೇಟೆಯ ಸಂದಿಯೊಂದರಲ್ಲಿದ್ದ ಖುರ್ಚಿ ರಿಪೇರಿ ಅಂಗಡಿಯ ಹೊಸ್ತಿಲಲ್ಲಿ ನಿಂತು ದಾಕ್ಷಾಯಿಣಿ ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದಳು. ಹೇಳುವಷ್ಟರಲ್ಲಿ ಎರಡು ಸಲ ವಾಚು ನೋಡಿಕೊಂಡಳು, ಮೂರು ಸಲ ಹಿಂದಕ್ಕೆ ತಿರುಗಿದಳು. ಮಾತಿಗೆ ಕಾರಣವಾದ ಖುರ್ಚಿ ಇನ್ನೂ ಆಟೋದಲ್ಲೇ ಕಾಲು ಮೇಲೆ ಮಾಡಿಕೊಂಡು ಬಿದ್ದಿತ್ತು.

ಒಳಗೆ ನೆಲದ ಮೇಲೆ ಕೂತು ಬೆತ್ತ ಹೆಣೆಯುತ್ತಿದ್ದವನು ತಲೆ ಎತ್ತಿದ. ಮೂವತ್ತನಾಲ್ಕು ಮೂವತ್ತೈದರ ಆಳು. ಕಿವಿಯ ಮೇಲೆ ಪೆನ್ಸಿಲ್ಲು, ಹುಬ್ಬಿನ ಮೇಲೆ ಕಟ್ಟಿಗೆಯ ಪುಡಿ. ಅವಳನ್ನು ನೋಡಿದ, ಆಟೋ ನೋಡಿದ, ಮತ್ತೆ ಅವಳನ್ನು ನೋಡಿದ. ಆ ಎರಡನೆಯ ನೋಟ ಮೊದಲನೆಯದಕ್ಕಿಂತ ಒಂದು ಚೂರು ಉದ್ದವಿತ್ತು.

"ಮೊದಲ ಖುರ್ಚಿ ಕೆಳಗ ಇಳಸೋಣೇನ್ರಿ?"

ಇವನು ಫಕೀರೇಶ. ಶಿರಹಟ್ಟಿಯ ಕಡೆಯವ. ಹದಿನಾರನೆಯ ವಯಸ್ಸಿಗೆ ಹುಬ್ಬಳ್ಳಿಗೆ ಬಂದು ಯಾಕೂಬಸಾಬರ ಕೈಕೆಳಗೆ ಕೆಲಸ ಕಲಿತವ. ಈಗ ಯಾಕೂಬಸಾಬರಿಗೆ ಕಣ್ಣು ಮಂಜು. ಮೂಲೆಯ ಸ್ಟೂಲಿನ ಮೇಲೆ ಕೂತು ಬಸಿಯಲ್ಲಿ ಚಹಾ ಕುಡಿಯುತ್ತ ಶಿಷ್ಯನ ಕೆಲಸವನ್ನು ಕಿವಿಯಿಂದಲೇ ನೋಡುತ್ತಾರೆ.

ಫಕೀರೇಶ ಖುರ್ಚಿಯನ್ನು ಇಳಿಸಿ ಹಿಂದಕ್ಕೆ ವಾಲಿಸಿದ. ಕಿರ್ರ್ ಎಂದಿತು. ಇನ್ನೊಮ್ಮೆ ವಾಲಿಸಿದ. ಇನ್ನೊಮ್ಮೆ ಕಿರ್ರ್.

"ಹದಿನೆಂಟು ವರ್ಷ ಆತ್ರಿ ಈ ಕೆಲಸಕ್ಕ ಹತ್ತಿ. ಸಪ್ಪಳ ತಗೀರಿ ಅಂತ ಎಲ್ಲಾರೂ ಬರ್ತಾರ. ಸಪ್ಪಳ ಇಡ್ರಿ ಅಂದವರು ನೀವ ಮೊದಲನೇದವರು."

ಮೂಲೆಯಲ್ಲಿ ಯಾಕೂಬಸಾಬರು ಗಡ್ಡದೊಳಗೇ ನಕ್ಕರು. ಯಾಕೆ ನಕ್ಕರು ಎಂಬುದು ಆಗ ಇಬ್ಬರಿಗೂ ತಿಳಿಯಲಿಲ್ಲ.

ಈ ಸಪ್ಪಳದ ಭಾನಗಡಿ ಏನೆಂದು ಹೇಳದಿದ್ದರೆ ನಿಮಗೂ ತಲೆಬುಡ ತಿಳಿಯುವುದಿಲ್ಲ. ಧಾರವಾಡದ ಮಾಳಮಡ್ಡಿಯ ದಾಕ್ಷಾಯಿಣಿಯ ಮನೆಯಲ್ಲಿ ಹುಡುಗಿ ನೋಡಲು ಬಂದ ವರನನ್ನು ಕೂರಿಸುವುದು ಈ ಖುರ್ಚಿಯ ಮೇಲೆಯೇ. ಸೋಫಾ ಇದೆ, ಪ್ಲಾಸ್ಟಿಕ್ ಖುರ್ಚಿಗಳಿವೆ, ಅವೆಲ್ಲ ಜೊತೆಗೆ ಬಂದವರಿಗೆ. ವರ ಕೂತಾಗ ಇದು ಸುಮ್ಮನಿದ್ದರೆ ಮಾತು ಮುಂದಕ್ಕೆ ಹೋಗುತ್ತದೆ. ಕಿರ್ರ್ ಎಂದಿತೋ, ಮುಗಿಯಿತು. ಎಂಬತ್ತನಾಲ್ಕರ ಅಜ್ಜಿ, ತಾಯಿಯ ತಾಯಿ ಸತ್ಯವ್ವ, ತನ್ನ ಮೂಲೆಯಿಂದ "ಖುರ್ಚಿ ಬ್ಯಾಡ ಅಂತು" ಎನ್ನುತ್ತಾಳೆ. ಬಂದವರು ಶಿರಾ ಉಪ್ಪಿಟ್ಟು ತಿಂದು ಹೋಗುತ್ತಾರೆ.

ದಾಕ್ಷಾಯಿಣಿಗೆ ಇದುವರೆಗೆ ನಾಲ್ಕು ವರ ಬಂದಿದ್ದರು. ನಾಲ್ಕೂ ಸಲ ಕಿರ್ರ್. ನಾಲ್ಕೂ ಸಲ ಅವಳು ಅಡುಗೆಮನೆಯ ಬಾಗಿಲ ಹಿಂದೆ ವೇಲು ಬಾಯಿಗೆ ಒತ್ತಿಕೊಂಡು ನಕ್ಕಿದ್ದಳು. ತನ್ನ ಬಾಯಿಂದ "ಬೇಡ" ಎನ್ನುವ ಪ್ರಸಂಗವೇ ಅವಳಿಗೆ ಬಂದಿರಲಿಲ್ಲ.

ಆದರೆ ತಾಯಿ ಭುವನೇಶ್ವರಿಯ ಸಹನೆ ತೀರಿತ್ತು. "ಮೂವತ್ತೊಂದು ತುಂಬ್ತು ಆಕಿಗೆ. ಒಂದು ಕಟಗಿ ತುಂಡಿನ ಮಾತು ಕೇಳಿ ನನ್ನ ಮಗಳು ಮನ್ಯಾಗ ಉಳೀಬೇಕೇನು?" ಎಂದು ತಾನೇ ಯಾಕೂಬಸಾಬರ ಅಂಗಡಿಗೆ ಫೋನ್ ಮಾಡಿದ್ದಳು. ಬರುವ ರವಿವಾರ ಬಿಟ್ಟು ಅದರಾಚೆಯ ರವಿವಾರ ಬೈಲಹೊಂಗಲದ ವರ ಬರುವವನಿದ್ದ. ಅರಿವೆ ಅಂಗಡಿ, ಸ್ವಂತ ಮನೆ, ಒಳ್ಳೆಯ ಮಂದಿ. ಬೇಡ ಎನ್ನಲು ಒಂದು ಕಾರಣವೂ ಇಲ್ಲ, ದಾಕ್ಷಾಯಿಣಿಯ ಮನಸ್ಸೊಂದನ್ನು ಬಿಟ್ಟು.

"ಹಂಗಾರ ನಿಮ್ಮವ್ವಗ ನೀವ ಹೇಳಿಬಿಡ್ರಲ್ಲ, ಬ್ಯಾಡ ಅಂತ," ಎಂದ ಫಕೀರೇಶ, ಇಷ್ಟನ್ನೂ ಅವಳ ಬಾಯಿಂದ ಕೇಳಿದ ಮೇಲೆ.

"ಅಷ್ಟು ಹಗೂರ ಅಲ್ರಿ. ನಾ ಕಾಲೇಜಿನ್ಯಾಗ ಇದ್ದಾಗ ಅಪ್ಪ ಹೋದ. ಅವ್ವ ಹೊಲಿಗಿ ಮಿಷಿನ್ ತುಳದು ನನ್ನ ಓದಿಸ್ಯಾಳ. ಆಕಿ ಕಣ್ಣಾಗ ನೀರು ಬಂದ್ರ ನನ್ನ ಬಾಯಿ ಕಟ್ಟತೈತಿ." ದಾಕ್ಷಾಯಿಣಿ ಮತ್ತೆ ವಾಚು ನೋಡಿದಳು. "ನೀವು ಸಪ್ಪಳ ಇಡ್ರಿ. ಮುಂದಿಂದು ಖುರ್ಚಿ ನೋಡ್ಕೋತೈತಿ."

"ನೋಡೂಣ್ರಿ," ಎಂದ ಅವನು. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಆ ಒಂದು ಮಾತು ಅವಳಿಗೆ ಎರಡು ದಿನ ನಿದ್ದೆ ಕೆಡಿಸಿತು.

ದಾಕ್ಷಾಯಿಣಿ ಮೊದಲಿನಿಂದಲೂ ಕೂತಲ್ಲಿ ಕೂರುವ ಜೀವವಲ್ಲ. ಸತ್ತೂರಿನ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ದಿನವಿಡೀ ಮಂದಿಯ ಮೊಣಕಾಲು, ಭುಜ, ಬೆನ್ನು ಬಗ್ಗಿಸಿ ಎತ್ತಿ ಕೂರಿಸುವಾಕೆ. ಮನೆಗೆ ಬಂದರೂ ನಿಂತೇ ಚಹಾ ಕುಡಿಯುತ್ತಾಳೆ, ಅಡ್ಡಾಡುತ್ತಲೇ ಫೋನಿನಲ್ಲಿ ಮಾತಾಡುತ್ತಾಳೆ. "ಅಂಡು ಸುಟ್ಟ ಬೆಕ್ಕಿನಂಗ ಅಡ್ಡಾಡತೀಯಲ್ಲ, ಒಂದು ಗಳಿಗಿ ಕುಂದ್ರಬಾರದ?" ಎಂದು ಸತ್ಯವ್ವ ದಿನಕ್ಕೆ ನಾಲ್ಕು ಸಲ ಬೈಯುತ್ತಿದ್ದಳು. ಈಗ ಆ ಬೈಗುಳ ಎಂಟು ಸಲಕ್ಕೆ ಏರಿತು.

ಮೂರನೆಯ ದಿನ ಡ್ಯೂಟಿ ಮುಗಿದದ್ದೇ ಅವಳು ಧಾರವಾಡದ ಕಡೆ ಹೋಗುವ ಬಸ್ಸು ಬಿಟ್ಟು ಹುಬ್ಬಳ್ಳಿಯ ಕಡೆಯ ಚಿಗರಿ ಬಸ್ಸು ಹತ್ತಿದಳು.

"ಸಪ್ಪಳ ಐತೋ ಇಲ್ಲೋ ನೋಡಿ ಹೋಗೂಣು ಅಂತ ಬಂದೆ."

"ಐತ್ರಿ. ಊಟ ಮಾಡಿ ಆರಾಮ ಐತಿ," ಎಂದ ಫಕೀರೇಶ, ನಗದೆ. ಆದರೆ ಕಣ್ಣಿನ ಬದಿಯಲ್ಲಿ ಎರಡು ಗೆರೆ ಮೂಡಿದ್ದನ್ನು ಅವಳು ಕಂಡಳು. "ಬಂದೀರಿ, ಒಂದು ತೋರಿಸತೇನಿ ಬರ್ರಿ."

ಖುರ್ಚಿಯ ಕೂರುವ ಚೌಕಟ್ಟನ್ನು ಅವನು ಕೆಳಗಿನಿಂದ ಅಂಗೈಯಲ್ಲಿ ಒತ್ತಿದ. ಅದು ಬಿಡಿಯಾಗಿ ಮೇಲೆದ್ದು ಬಂತು. ಒಳಗೆ, ಚೌಕಟ್ಟು ಕೂರುವ ಪಟ್ಟಿಯ ಮೇಲೆ, ಸಣ್ಣ ಸಣ್ಣ ಪೆನ್ಸಿಲ್ ಅಕ್ಷರಗಳಿದ್ದವು. ಹುಟ್ಟಿದಾಗಿನಿಂದ ನೋಡಿದ ಖುರ್ಚಿಗೆ ಹೀಗೊಂದು ಒಳಗಿದೆ ಎಂದು ದಾಕ್ಷಾಯಿಣಿಗೆ ಗೊತ್ತೇ ಇರಲಿಲ್ಲ.

"ನಮ್ಮ ಕೆಲಸದಾಗ ಒಂದು ಪದ್ಧತಿ ಐತ್ರಿ. ಬೆತ್ತ ಕೂಡಿಸೂ ಮುಂಚೆ ಮಾಲಕರ ಹೆಸರು, ಇಸ್ವಿ, ಗಿರಾಕಿ ಏನ್ ಹೇಳಿದ್ರು, ಇಷ್ಟು ಇಲ್ಲಿ ಬರದಿಡಬೇಕು. ಮುಂದ ಬಿಚ್ಚಿದಾಂವಗ ತಿಳೀಲಿ ಅಂತ."

ಇಬ್ಬರೂ ಬಗ್ಗಿದರು. ಅವನ ಬೆರಳು ಪಟ್ಟಿಯ ಮೇಲೆ ಮೆಲ್ಲಗೆ ಸರಿಯಿತು.

"ಇಲ್ಲಿ ಹನ್ನೊಂದು ಗೀರು ಅದಾವ ನೋಡ್ರಿ. ಹನ್ನೆರಡು ಖುರ್ಚಿ ಇದ್ದ ಊಟದ ಟೇಬಲ್ಲಿಂದು ಇದು ಹನ್ನೊಂದನೇದು. ರೈಲ್ವೆ ಸಾಹೇಬರೊಬ್ಬರು ಮಾಡಿಸಿದ್ದು ಅಂತ ಯಾಕೂಬ ಚಾಚಾ ಹೇಳ್ತಾರ. ಅಸಲ ಸಾಗವಾನಿ. ಇಲ್ಲಿ, ವಕೀಲರು, ಮಾಳಮಡ್ಡಿ, ೧೯೪೮. ಸಾಹೇಬರು ಊರು ಬಿಡೂ ಮುಂದ ವಕೀಲರು ಲಿಲಾವಿನ್ಯಾಗ ಕೂಗಿ ಹಿಡದಿರಬೇಕು."

"ಉಳದ ಹನ್ನೊಂದು ಎಲ್ಲಿ ಹೋದ್ವು?"

"ಯಾರ ಯಾರ ಮನ್ಯಾಗ ಕುಂತಾವೋ. ಇದು ಜೋಡಿ ಬಿಟ್ಟು ಬಂದೈತಿ. ಒಂದ ಇದ್ದು ಇದ್ದು ರೂಢಿ ಆಗೈತಿ."

"ನಿಮಗೂನೂ?" ಎಂದು ಕೇಳಿಬಿಟ್ಟಳು ದಾಕ್ಷಾಯಿಣಿ. ಕೇಳಿದ ಮೇಲೆ ತನ್ನ ನಾಲಿಗೆಯನ್ನು ತಾನೇ ಕಚ್ಚಿಕೊಂಡಳು.

ಅವನು ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದ, ನೋಡಿದ, ಮತ್ತೆ ಅಲ್ಲೇ ಇಟ್ಟ. "ಇದು ಓದ್ರಿ. ಖಾನಾವಳಿ, ಹುಬ್ಬಳ್ಳಿ ಸ್ಟೇಶನ್ ರೋಡ್, ೧೯೬೨."

"ಅಯ್ಯ! ಅದು ನಮ್ಮ ಆಯಿ ಸತ್ಯವ್ವನ ತವರಮನಿರಿ. ಆಕಿ ಅವ್ವ ಖಾನಾವಳಿ ನಡಸ್ತಿದ್ಲು. ನಮ್ಮಜ್ಜ ಹೊಳೆಯಪ್ಪ ರೈಲ್ವೆ ವರ್ಕ್‌ಶಾಪಿನ್ಯಾಗ ಫಿಟ್ಟರ್. ದಿನಾ ಅಲ್ಲೇ ಉಣ್ಣಾಕ ಬರ್ತಿದ್ದ. ಬ್ಯಾರೆ ಖುರ್ಚಿ ಖಾಲಿ ಇದ್ರೂ ಇದ ಖಾಲಿ ಆಗೂತನಕ ನಿಂತಿರ್ತಿದ್ದನಂತ."

"ಯಾಕ್ರಿ?"

"ಇದರ ಮ್ಯಾಲ ಕುಂತ್ರ ಒಲಿ ಮುಂದ ಕುಂತಾಕಿ ಕಾಣ್ತಿದ್ಲಂತ."

ಅವಳು ಹೇಳಿ ನಕ್ಕಳು. ಅವನು ನಗಲಿಲ್ಲ. ಖಾನಾವಳಿ ಮುಚ್ಚಿದಾಗ ಹೊಳೆಯಪ್ಪ ಎಲ್ಲವನ್ನೂ ಬಿಟ್ಟು ಇದೊಂದನ್ನು ಕೇಳಿ ತಂದನೆಂದು ಅವಳು ಹೇಳುತ್ತಿರುವಾಗ ಅವನು ಖುರ್ಚಿಯನ್ನು ನೋಡುತ್ತಿರಲೇ ಇಲ್ಲ. ದಾಕ್ಷಾಯಿಣಿ ಮಾತು ಮರೆತಳು. ಎಲ್ಲಿಗೆ ನಿಲ್ಲಿಸಿದ್ದೆ ಎಂದು ಹುಡುಕುತ್ತ ಪಟ್ಟಿಯ ಮೇಲೆ ಕಣ್ಣಿಟ್ಟಳು. ಖಾನಾವಳಿಯ ಸಾಲಿನ ಕೆಳಗೂ, ಅದರ ಮುಂದಿನ "ಹೊಳೆಯಪ್ಪ, ೧೯೮೯" ಎಂಬುದರ ಕೆಳಗೂ ಇನ್ನೇನೋ ಬರೆದಿತ್ತು. ಅದರ ಮೇಲೆ ಅವನ ಅಂಗೈ ಇತ್ತು.

"ಕೈ ತಗೀರಿ. ಅದೇನೈತಿ?"

"ಅದು ಗಿರಾಕಿ ಮಾತ್ರಿ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ತೋರಿಸೂ ಹಂಗಿಲ್ಲ."

"ನಮ್ಮ ಮನಿ ಖುರ್ಚಿ!"

"ಖುರ್ಚಿ ನಿಮ್ಮದು. ಮಾತು ಅವರದು."

ಅವಳು ಅವನ ಬೆರಳೊಂದನ್ನು ಹಿಡಿದು ಎತ್ತಲು ನೋಡಿದಳು. ಬೆರಳು ಎದ್ದಿತು, ಅಂಗೈ ಏಳಲಿಲ್ಲ. ಹಿಡಿದ ಬೆರಳನ್ನು ಬಿಡಬೇಕೆಂದು ಅವಳಿಗೆ ಹೊಳೆಯಲು ಸ್ವಲ್ಪ ಹೊತ್ತೇ ಬೇಕಾಯಿತು. ಮೂಲೆಯಲ್ಲಿ ಯಾಕೂಬಸಾಬರು ಕೆಮ್ಮಿದರು.

ಆಮೇಲೆ ಅವಳು ನೆಪ ಹುಡುಕುವುದನ್ನೂ ಬಿಟ್ಟಳು. ಮೂರನೆಯ ಸಲ ಬಂದಾಗ ಅವನು ಬೆತ್ತ ಜಗ್ಗುತ್ತ ಮುಖ ಕಿವಿಚಿದ್ದು ಅವಳ ಕಣ್ಣಿಗೆ ಬಿತ್ತು.

"ಬಲಗೈ ಮ್ಯಾಲೆ ಎತ್ರಿ ನೋಡೂಣು."

"ಏನೂ ಆಗಿಲ್ರಿ."

"ಎತ್ರಿ ಅಂದೆ."

ಅವನು ಎತ್ತಿದ. ಕಿವಿಯವರೆಗೆ ಬಂದು ಕೈ ನಿಂತಿತು. ಅವಳು ಅವನ ಭುಜದ ಮೇಲೆ ಒಂದು ಕೈ ಇಟ್ಟು, ಇನ್ನೊಂದರಿಂದ ಮೊಣಕೈ ಹಿಡಿದು, ಮೆಲ್ಲಗೆ ತಿರುಗಿಸಿದಳು. ದಿನಕ್ಕೆ ಇಪ್ಪತ್ತು ಭುಜ ಹಿಡಿಯುವ ಕೈ ಅದು. ಇವತ್ತು ಯಾಕೋ ಸುಡುತ್ತಿತ್ತು.

"ಕೀಲು ಬಿಗದೈತಿ. ಸಡಲ ಮಾಡಬೇಕು."

"ನಿಮ್ಮ ಖುರ್ಚಿದು ಸಡಲಾಗೈತಿ. ಬಿಗೀಬೇಕು," ಎಂದ ಅವನು, ಅವಳ ಕಡೆ ನೋಡದೆ.

"ಬಿಗೀಬ್ಯಾಡ್ರಿ ಅಂತ ಹೇಳೇನಿ."

"ಹೇಳೀರಿ."

"ದಿನಾ ಗ್ವಾಡಿ ಮುಂದ ನಿಂತು ಬೆರಳು ಮ್ಯಾಲೆ ಹತ್ತಿಸ್ರಿ. ಎಲ್ಲಿಗೆ ಮುಟ್ಟತೀರಿ ಅಲ್ಲಿ ಪೆನ್ಸಿಲ್ಲಿನಿಂದ ಗೆರಿ ಹಾಕ್ರಿ. ನಾ ಬಂದು ನೋಡಾಕಿ."

ಶುಕ್ರವಾರ ಬಂದಾಗ ಗೋಡೆಯ ಮೇಲೆ ನಾಲ್ಕು ಗೆರೆಗಳಿದ್ದವು, ಒಂದಕ್ಕಿಂತ ಒಂದು ಎರಡು ಬೆರಳು ಮೇಲೆ, ಪಕ್ಕದಲ್ಲಿ ತಾರೀಖು. ಫಕೀರೇಶ ಖುರ್ಚಿಗೆ ಕೊನೆಯ ಬೆತ್ತ ಸೇರಿಸುತ್ತಿದ್ದ. ನೀರಲ್ಲಿ ನೆನೆದ ಬೆತ್ತ ಅವನ ಕೈಯಲ್ಲಿ ಮೆತ್ತಗೆ ಬಾಗುತ್ತಿತ್ತು.

"ಹೊಸ ಬೆತ್ತ ಒದ್ದಿ ಇರೂತನಕ ಗಪ್ಪಿರತೈತಿ, ಬೇಟಾ," ಎಂದರು ಯಾಕೂಬಸಾಬರು. "ಎಂಟು ದಿನಕ್ಕ ಒಣಗಿ ಬಿಗೀತು ಅಂದ್ರ ಒಂದೆರಡು ದಿನ ಬಾಯಿ ಬಿಡತೈತಿ. ಆಮ್ಯಾಲ ಜನ್ಮಕ್ಕ ಮಾತಿಲ್ಲ."

"ಎಂಟು ದಿನಾ? ಇದ ರವಿವಾರಕ್ಕ ಬಾಯಿ ಬಿಡೂದಿಲ್ಲೇನ್ ಕಾಕಾ?"

ಮುದುಕರು ಕೆಮ್ಮು ಬರುವಷ್ಟು ನಕ್ಕರು. ಫಕೀರೇಶ ನಗಲಿಲ್ಲ.

ಶನಿವಾರ ಖುರ್ಚಿ ತಯಾರಾಗಿತ್ತು. ಪಾಲಿಶ್ ಹೊಡೆದ ಸಾಗವಾನಿ ಹೊಸ ಬೆಲ್ಲದ ಬಣ್ಣಕ್ಕೆ ಬಂದಿತ್ತು.

"ಕುಂದರ್ರಿ," ಎಂದ ಅವನು.

ದಾಕ್ಷಾಯಿಣಿ ಕೂತಳು. ಹಿಂದಕ್ಕೆ ವಾಲಿದಳು, ಎಡಕ್ಕೆ, ಬಲಕ್ಕೆ. ಎದ್ದು ಮತ್ತೆ ದೊಪ್ಪನೆ ಕೂತಳು. ಖುರ್ಚಿ ತುಟಿ ಬಿಚ್ಚಲಿಲ್ಲ.

"ಸಪ್ಪಳ ಎಲ್ಲಿ?"

"ತಗದೇನ್ರಿ. ಹಿಂದಿನ ಕಾಲಿನ ಕೀಲು ಬಿಗದೇನಿ."

"ನಾ ಏನ್ ಹೇಳಿದ್ದೆ? ಹತ್ತು ದಿನದಿಂದ ಏನ್ ಹೇಳಾಕತ್ತೇನಿ?"

ಫಕೀರೇಶ ಕೈಯಲ್ಲಿದ್ದ ಅರಿವೆಯನ್ನು ನಾಲ್ಕು ಮಡಿಕೆ ಮಾಡಿದ. ಮತ್ತೆ ಬಿಚ್ಚಿದ. "ಮೊದಲನೇ ದಿನ ಬಿಟ್ಟುಕೊಡಾಕ ಮನಸ್ಸಿತ್ತು. ಖರೇ ಹೇಳತೇನಿ, ಬಿಡತಿದ್ದೆ. ಈಗ ಆಗೂದಿಲ್ಲ."

"ಯಾಕ?"

"ಈಗ ಬಿಟ್ಟರ ನಿಮ್ಮ ಸಲುವಾಗಿ ಬಿಟ್ಟಂಗ ಆಗೂದಿಲ್ಲ. ನನ್ನ ಸಲುವಾಗಿ ಬಿಟ್ಟಂಗ ಆಗತೈತಿ."

ಆ ಮಾತು ಅವಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದದ್ದೇ ಮುಖಕ್ಕೆ ಬಿಸಿ ಏರಿತು. ಇದನ್ನೇ ಕೇಳಲು ಎಂಟು ದಿನ ಚಿಗರಿಯಲ್ಲಿ ನಿಂತು ಓಡಾಡಿದವಳು ಅವಳು. ಆದರೆ ಈ ಹುಚ್ಚ ಅದನ್ನು ಹೇಳಿದ್ದು ಯಾವಾಗ? ಅವಳನ್ನು ಇನ್ನೊಬ್ಬನ ಕೈಗೆ ಕೊಡುವ ಖುರ್ಚಿಯನ್ನು ಒರೆಸಿ ಕೊಡುತ್ತ.

"ಛಲೋ ಆತು ಬಿಡ್ರಿ! ನಿಮ್ಮ ಕೆಲಸ ಚೊಕ್ಕಾತು. ನಾ ಬೈಲಹೊಂಗಲಕ್ಕ ಹೋದ್ರ ನಿಮಗೇನು?"

"ನನಗೇನು ಅಂತ ಈಗರ ಹೇಳಿದೆನಲ್ರಿ. ನಿಮಗೇನು ಅಂತ ನಿಮ್ಮ ಬಾಯಿಲೆ ಬರಬೇಕು. ಬ್ಯಾಡ ಅನ್ನೂದೂ ಖುರ್ಚಿನ ಹೇಳಬೇಕು, ಬೇಕು ಅನ್ನೂದೂ ಖುರ್ಚಿನ ಹೇಳಬೇಕಂದ್ರ ಹೆಂಗ?"

ಅವಳಿಗೆ ಬಾಯಿ ತೆರೆದರೆ ಅಳು ಬರುವಂತಿತ್ತು. ಆಟೋದವನನ್ನು ಕೂಗಿ, ಖುರ್ಚಿ ಹಾಕಿಸಿ, ಹಿಂದಿರುಗಿ ನೋಡದೆ ಹೋದಳು. ಗೋಡೆಯ ಮೇಲೆ ಐದನೆಯ ಗೆರೆ ಇತ್ತು. ಅದನ್ನು ನೋಡಲೂ ಇಲ್ಲ.

ರವಿವಾರ ಬಂತು. ಬೈಲಹೊಂಗಲದವರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ವರನ ಹೆಸರು ದುರ್ಗೇಶ. ಸುಮ್ಮನಿರುವ, ಕಣ್ಣಲ್ಲಿ ಮರ್ಯಾದೆ ಇರುವ ಮನುಷ್ಯ. ಸತ್ಯವ್ವ ಕಿಟಕಿಯ ಕೆಳಗೆ ಖುರ್ಚಿ ಇಡಿಸಿದಳು. ಅವನು ಕೂತ.

ಖುರ್ಚಿ ಸುಮ್ಮನಿತ್ತು.

ಸತ್ಯವ್ವ ಕಿವಿ ಮುಂದೆ ಮಾಡಿದಳು. ಭುವನೇಶ್ವರಿಯ ಮುಖ ಅರಳಿತು. "ಏನೂ ಅನ್ನಲಿಲ್ಲ ನೋಡ್ರಿ, ನಮ್ಮ ಖುರ್ಚಿ," ಎಂದು ಬಂದವರಿಗೆ ಹೇಳಿದಳು. ಹತ್ತು ವರ್ಷದಿಂದ ಅವಳು ಹಾಗೆ ನಕ್ಕಿರಲಿಲ್ಲ. ತಟ್ಟೆ ಹಿಡಿದು ನಿಂತ ದಾಕ್ಷಾಯಿಣಿ ಆ ನಗೆ ನೋಡಿದಳು. ಅಡುಗೆಮನೆಯ ಬಾಗಿಲ ಹಿಂದೆ ನಿಂತು ಖುರ್ಚಿಯ ಮಾತಿಗೆ ಕಾಯುವ ಕಾಲ ಮುಗಿದಿತ್ತು. ಈಗ ಎಲ್ಲರೂ ಅವಳ ಮಾತಿಗೆ ಕಾಯುತ್ತಿದ್ದರು.

"ನಿಮಗೇನರ ಕೇಳೂದಿದ್ರ ಕೇಳ್ರಿ," ಎಂದ ದುರ್ಗೇಶ.

"ಕೇಳೂದಿಲ್ರಿ. ಹೇಳೂದೈತಿ." ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ನನಗ ಈ ಸಂಬಂಧ ಬ್ಯಾಡ್ರಿ. ನಿಮ್ಮಾಗ ಏನೂ ಕೊರತಿ ಇಲ್ಲ. ನನ್ನ ಮನಸ್ಸು ಬ್ಯಾರೆ ಕಡೆ ಐತಿ. ಇದನ್ನ ಮೊದಲ ಹೇಳಬೇಕಾಗಿತ್ತು. ತಪ್ಪಾತು."

ದುರ್ಗೇಶ ತಟ್ಟೆಯಲ್ಲಿ ಉಳಿದ ಶಿರಾ ಮುಗಿಸಿ, ಕೈ ಒರೆಸಿಕೊಂಡು ಎದ್ದ. "ಮದುವಿ ಆದ ಮ್ಯಾಲ ಹೇಳೂದಕ್ಕಿಂತ ಇದು ಛಲೋ," ಎಂದು ಕೈ ಮುಗಿದು ಹೋದ. ಒಳ್ಳೆಯವರನ್ನು ಬೇಡ ಅನ್ನುವುದು ಎಷ್ಟು ಕಷ್ಟವೆಂದು ದಾಕ್ಷಾಯಿಣಿಗೆ ಅಂದು ತಿಳಿಯಿತು.

ಬಾಗಿಲು ಹಾಕಿದ್ದೇ ಭುವನೇಶ್ವರಿ ನೆಲಕ್ಕೆ ಕೂತಳು. "ಮಂದಿ ಮುಂದ ಮಾರಿ ಎತ್ತಲಾರದಂಗ ಮಾಡಿದಿ. ಎಲ್ಲೈತಿ ನಿನ್ನ ಮನಸ್ಸು?"

"ಕಮರಿಪ್ಯಾಟ್ಯಾಗ."

"ಆ ಖುರ್ಚಿ ರಿಪೇರಿಯಾಂವನ ಕಡೇನ?" ಭುವನೇಶ್ವರಿ ಹಣೆ ಬಡಿದುಕೊಂಡಳು. "ಸಪ್ಪಳ ತಗೀ ಅಂತ ಕಳಿಸಿದ್ರ ಮಗಳನ್ನ ತಗದನಲ್ಲೋ ಯಪ್ಪಾ!"

ಆಗ ಮೂಲೆಯಿಂದ ಸತ್ಯವ್ವ ನಿಧಾನಕ್ಕೆ ಹೇಳಿದಳು, "ದಾಕ್ಷಾ, ಆ ಖುರ್ಚಿ ಕುಂದ್ರೂ ಚೌಕಟ್ಟು ಎತ್ತು. ನಿಮ್ಮವ್ವಗ ಓದಿ ಹೇಳು."

ದಾಕ್ಷಾಯಿಣಿ ಕೆಳಗಿನಿಂದ ಅಂಗೈಯಲ್ಲಿ ಒತ್ತಿದಳು. ಚೌಕಟ್ಟು ಮೇಲೆದ್ದಿತು. ಈಗ ಮುಚ್ಚಲು ಯಾರ ಕೈಯೂ ಇರಲಿಲ್ಲ.

"ಖಾನಾವಳಿ, ಹುಬ್ಬಳ್ಳಿ ಸ್ಟೇಶನ್ ರೋಡ್, ೧೯೬೨. ಸಪ್ಪಳ ಇರಲಿ. ಹುಡುಗಿಯ ಹೇಳಿಕೆ." ಅವಳ ಬೆರಳು ಮುಂದಿನ ಸಾಲಿಗೆ ಸರಿಯಿತು. ಮತ್ತೆ ಓದಿದಳು. "ಹೊಳೆಯಪ್ಪ, ಮಾಳಮಡ್ಡಿ, ೧೯೮೯. ಸಪ್ಪಳ ಇರಲಿ. ಸತ್ಯವ್ವನ ಹೇಳಿಕೆ."

"ನಮ್ಮವ್ವ ನನ್ನ ಗದಗಿನ ಎರಡನೇ ಸಂಬಂಧದ ಮುದುಕಗ ಕೊಡಾಕ ಹೊಂಟಿದ್ಲು," ಎಂದಳು ಸತ್ಯವ್ವ. "ಬ್ಯಾಡ ಅನ್ನಾಕ ನನಗ ಬಾಯಿ ಎಲ್ಲಿತ್ತು? ಬೆತ್ತ ಹಾಕಾಕ ಬಂದಿದ್ದ ಯಾಕೂಬನ ಅಪ್ಪಗ ಕೈ ಮುಗದೆ. ಅಣ್ಣಾ, ಒಂದು ಕೀಲು ಸಡಲ ಬಿಡು ಅಂತ. ಮುದುಕ ಕುಂತ, ಖುರ್ಚಿ ಕಿರ್ರ್ ಅಂತು. ಅಪಶಕುನ ಅಂತ ಅವ್ವ ಎದ್ದು ನಿಂತ್ಲು. ಮರುದಿನ ಹೊಳೆಯಪ್ಪ ಬಂದು ಕುಂತ. ಅಂವ ಬರೂ ಮುಂದ ನಾ ಖುರ್ಚಿ ಒಂದು ಗೇಣು ಈಚೆ ಸರಿಸಿದ್ದೆ. ತಗ್ಗು ಫರಸಿ ಕಲ್ಲಿನ ಮ್ಯಾಲಿದ್ರ ಕಿರ್ರ್ ಅಂತಿತ್ತು, ಸಪಾಟ ಇದ್ರ ಸುಮ್ಕಿರತಿತ್ತು."

ಭುವನೇಶ್ವರಿ ಕಣ್ಣೊರೆಸಿಕೊಳ್ಳುವುದನ್ನು ನಿಲ್ಲಿಸಿದಳು. "ಅಂದ್ರ ನನಗ ಬಂದಿದ್ದ ಆ ಸವದತ್ತಿ ಸಾಹುಕಾರ..."

"ನೀ ಹಿತ್ತಲದಾಗ ನಿಂತು ಅಳತಿದ್ದಿ. ನನಗ ಕಿವಿ ಇರಲಿಲ್ಲೇನು? ಕಿಟಕಿ ಕೆಳಗಿನ ಫರಸಿ ತಗ್ಗು ಅಂತ ನನಗೊಬ್ಬಾಕಿಗೇ ಗೊತ್ತು."

"ನನ್ನ ನಾಕೂ ನೀನೇನ ಆಯಿ?" ಎಂದಳು ದಾಕ್ಷಾಯಿಣಿ.

"ನಿನ್ನ ಮಾರಿ ನೋಡಿ ಖುರ್ಚಿ ಇಡಸ್ತಿದ್ದೆ. ಇವತ್ತೂ ಅಲ್ಲೇ ಇಡಿಸಿದ್ದೆ. ಆ ಹುಡುಗ ಕೀಲು ಬಿಗದು ನನ್ನ ಆಟ ಕೆಡಿಸ್ಯಾನ." ಸತ್ಯವ್ವ ಬೊಚ್ಚುಬಾಯಿ ತುಂಬ ನಕ್ಕಳು. "ಇನ್ನೊಂದು ಸಾಲು ಐತೇನು ನೋಡು. ಹೊಸಾದು."

ಇತ್ತು. ಪೆನ್ಸಿಲ್ ಇನ್ನೂ ಹೊಳೆಯುತ್ತಿತ್ತು. "೨೦೨೫. ಮಾಲಕರು..." ಎಂದು ಬರೆದು ಹೆಸರಿನ ಜಾಗ ಖಾಲಿ ಬಿಟ್ಟಿದ್ದ. ಅದರ ಮುಂದೆ, "ಸಪ್ಪಳ ತೆಗೆದಿದೆ. ಇನ್ನು ಮಾತು ಹುಡುಗಿಯದು."

ದಾಕ್ಷಾಯಿಣಿ ಅದನ್ನು ಜೋರಾಗಿ ಓದಲಿಲ್ಲ. ಅವ್ವನ ಮುಂದೆ ಹಿಡಿದಳು. ಭುವನೇಶ್ವರಿ ತಾನು ಮೂವತ್ತಾರು ವರ್ಷ ದೇವರ ಮಾತು ಎಂದುಕೊಂಡಿದ್ದ ಸಪ್ಪಳದ ಆ ೧೯೮೯ರ ಸಾಲನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಒಳಗೆ ಹೋಗಿ ಚಹಾಕ್ಕೆ ಇಟ್ಟಳು.

ಸೋಮವಾರ ಸಂಜೆ ಕಮರಿಪೇಟೆಯ ಅಂಗಡಿಯಲ್ಲಿ ಫಕೀರೇಶ ಒಂದೇ ಪಟ್ಟಿಗೆ ಮೂರನೆಯ ಸಲ ಮರಳು ಕಾಗದ ಉಜ್ಜುತ್ತಿದ್ದ. "ಅದು ಸವದು ಹೋಗತೈತಿ, ಬಿಡೋ," ಎಂದು ಯಾಕೂಬಸಾಬರು ಬೈದರು. ತಲೆ ಎತ್ತಿದಾಗ ಅವಳು ಗೋಡೆಯ ಮುಂದೆ ನಿಂತು ಗೆರೆ ಎಣಿಸುತ್ತಿದ್ದಳು.

"ಐದಕ್ಕ ನಿಂತಾವು. ನಿನ್ನೆ, ಇವತ್ತು ಯಾಕ ಹಾಕಿಲ್ಲ?"

"ಕೈ ಏಳಲಿಲ್ರಿ."

"ನಾ ಹೇಳಿಬಿಟ್ಟೆ."

"ಏನಂತ್ರಿ?"

"ಬ್ಯಾಡ ಅಂತ. ನನ್ನ ಬಾಯಿಲೆ. ಎಲ್ಲಾರ ಮುಂದ." ಅವಳ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗೆಯಿತ್ತು. "ಇನ್ನೊಂದು ಮಾತು ಉಳದೈತಿ. ಅದನ್ನ ಇಲ್ಲಿ ಹೇಳೂದಿಲ್ಲ. ಬರೂ ರವಿವಾರ ನೀವು ಮಾಳಮಡ್ಡಿಗೆ ಬರಬೇಕು. ನಿಮ್ಮ ತಾಯಿಯವರನ್ನ ಕರಕೊಂಡು."

ಫಕೀರೇಶ ಎದ್ದು ಗೋಡೆಯ ಮುಂದೆ ನಿಂತ. ಅವಳ ಪಕ್ಕದಿಂದ ಬಲಗೈ ಚಾಚಿದ. ಬೆರಳು ಐದನೆಯ ಗೆರೆ ದಾಟಿ ಒಂದು ಗೇಣು ಮೇಲೆ ಹೋಯಿತು.

ಆ ವಾರ ಏಳು ದಿನವಲ್ಲ, ಎಪ್ಪತ್ತು ದಿನ ಇತ್ತು. ದಾಕ್ಷಾಯಿಣಿ ಮನೆಯಲ್ಲಿ ಎಷ್ಟು ಅಡ್ಡಾಡಿದಳೆಂದರೆ ಸತ್ಯವ್ವ ಬೈಯುವುದನ್ನೇ ಬಿಟ್ಟಳು. ಭುವನೇಶ್ವರಿ ಎರಡು ದಿನ ಮಾತು ಬಿಟ್ಟಳು, ಮೂರನೆಯ ದಿನ "ಶಿರಹಟ್ಟ್ಯಾಗ ಅವರ ಮನಿ ಎಲ್ಲಿ ಬರತೈತಿ?" ಎಂದು ಗೋಡೆಗೆ ಕೇಳಿದಂತೆ ಕೇಳಿದಳು. ಶನಿವಾರ ರವೆ ತಾನೇ ಹುರಿದಳು. ಆದರೆ ಮುಖ ಇನ್ನೂ ಬಿಗಿದೇ ಇತ್ತು.

ರವಿವಾರ ಫಕೀರೇಶ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತಾಯಿಯ ಜೊತೆ, ಯಾಕೂಬಸಾಬರ ಕೈ ಹಿಡಿದುಕೊಂಡು ಬಂದ. ಸತ್ಯವ್ವ ಖುರ್ಚಿಯನ್ನು ಕಿಟಕಿಯಿಂದ ದೂರ, ನಡುಮನೆಯ ಸಪಾಟು ಫರಸಿಯ ಮೇಲೆ ಇಡಿಸಿದ್ದಳು. ತಾನೇ ಬಿಗಿದ ಕೀಲು, ತಾನೇ ಹೆಣೆದ ಬೆತ್ತ. ಆದರೂ ಕೂರುವ ಮುಂಚೆ ಅವನು ಎಲ್ಲರ ಮುಖ ನೋಡಿದ. ಕೂತ.

ಕಿರ್ರ್ರ್ ಎಂದಿತು.

ಸಣ್ಣದಲ್ಲ, ಮೂರು ಮನೆ ಆಚೆ ಕೇಳುವಂಥ ಕಿರ್ರ್. ಫಕೀರೇಶನ ಮುಖ ಬಿಳಿಚಿತು. ಹದಿನೆಂಟು ವರ್ಷದಲ್ಲಿ ಅವನ ಕೈಯ ಖುರ್ಚಿ ಗಿರಾಕಿಯ ಮನೆಯಲ್ಲಿ ಹೀಗೆ ಮಾನ ಕಳೆದಿರಲಿಲ್ಲ. "ಬೆತ್ತರಿ... ಒಣಗಿ ಬಿಗದೈತಿ... ಕೀಲು ಅಲ್ರಿ..." ಎಂದು ತೊದಲಿದ. ಎಂಟು ದಿನದ ಲೆಕ್ಕವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನೇ ಮರೆತಿದ್ದ. ಯಾಕೂಬಸಾಬರು ತಲೆ ತಗ್ಗಿಸಿ ಗಡ್ಡ ಹಿಡಿದುಕೊಂಡರು. ನಗು ತಡೆಯಲು ಅವರಿಗೆ ಬೇರೆ ದಾರಿ ಇರಲಿಲ್ಲ.

ಭುವನೇಶ್ವರಿಯ ಬಾಯಿಂದ ಹಳೆಯ ರೂಢಿಯ ಮಾತು ತಾನಾಗಿ ಬಿತ್ತು. "ಖುರ್ಚಿ ಬ್ಯಾಡ ಅಂತು." ಅದರಲ್ಲಿ ಒಂದು ಚೂರು ಆಸೆಯೂ ಇತ್ತು, ಇಲ್ಲವೆನ್ನಲಾಗದು. ಅವಳು ಮಗಳ ಕಡೆ ನೋಡಿದಳು.

ದಾಕ್ಷಾಯಿಣಿ ಅಡುಗೆಮನೆಯ ಬಾಗಿಲ ಹಿಂದೆ ಇರಲಿಲ್ಲ. ನಡುಮನೆಯ ಮಧ್ಯದಲ್ಲಿ ನಿಂತಿದ್ದಳು.

"ಅದು ಬ್ಯಾಡ ಅಂದ್ರ ಅನ್ಲಿ ಅವ್ವಾ. ನಾ ಬೇಕು ಅಂತೇನಿ."

ಭುವನೇಶ್ವರಿ ಮಗಳನ್ನು ನೋಡುತ್ತಲೇ ಇದ್ದಳು. ಹಿತ್ತಲಲ್ಲಿ ನಿಂತು ಅತ್ತ ಇಪ್ಪತ್ತೆರಡರ ಹುಡುಗಿಗೆ ಈ ಮಾತು ಬಂದಿರಲಿಲ್ಲ ಎಂದು ಅವಳಿಗೆ ನೆನಪಾಗಿರಬೇಕು. ಶಿರಾದ ಪಾತ್ರೆ ಎತ್ತಿ ಬಂದು ಫಕೀರೇಶನ ತಟ್ಟೆಗೆ ಒಂದು ದೊಡ್ಡ ಚಮಚ ಹಾಕಿದಳು, ಅದರ ಮೇಲೆ ಇನ್ನೊಂದು. "ಉಣ್ರಿ," ಎಂದಳು. "ಖುರ್ಚಿ ಆಮ್ಯಾಲ ನೋಡೂಣು."

"ತಮ್ಮಾ, ಪೆನ್ಸಿಲ್ ತಂದೀಯೇನು?" ಎಂದಳು ಸತ್ಯವ್ವ. "ಮಾಲಕರ ಹೆಸರು ಬರೀಲಾರದ ಹೋಗೀಯಲ್ಲ."

ಇಸ್ತ್ರಿ ಅಂಗಿ ಹಾಕಿದ್ದರೂ ಪೆನ್ಸಿಲ್ಲು ಕಿವಿಯ ಮೇಲೆಯೇ ಇತ್ತು. ಅವನು ಎದ್ದು ಚೌಕಟ್ಟು ಎತ್ತಿದ, ಖಾಲಿ ಜಾಗದ ಮುಂದೆ ಮೊಣಕಾಲೂರಿ ಕೂತ. "ಹೇಳ್ರಿ," ಎಂದ, ಅವಳ ಕಡೆ ಮುಖ ಎತ್ತಿ. ಈ ಸಲ ನೋಟವನ್ನು ಇಳಿಸಲಿಲ್ಲ.

ದಾಕ್ಷಾಯಿಣಿ ಮೊದಲು ತನ್ನ ಹೆಸರು ಹೇಳಿದಳು. ಆಮೇಲೆ ಅವನದನ್ನೂ ಹೇಳಿದಳು. ಅವನು ಎರಡನ್ನೂ ಬರೆದು ಚೌಕಟ್ಟು ಮುಚ್ಚಿದ.

ಅವಳು ಆ ಖುರ್ಚಿಯ ಮೇಲೆ ಕೂತಳು. ಅದು ಇನ್ನೊಮ್ಮೆ ಕಿರ್ರ್ ಎಂದಿತು. ಅವಳು ಏಳಲಿಲ್ಲ.